ಮನೆಗಳ ಬೆನ್ನಿನ ಓಣಿಗೆ ಜನ ಬರಬೇಕಾದರೆ

ಎಲ್ಲರಿಗೂ ನಮಸ್ಕಾರ.

1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದಾಗ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿ ಬಿಟ್ಟರು. ಮಲ ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದುಹೋಗಲೆಂದು ಮಾಡಿದ ದಾರಿ ಅದು. ಫ್ಲಶ್ ಕಕ್ಕಸು ಬಂದಮೇಲೆ ಎಷ್ಟೋ ಹಿಂಬಾಗಿಲುಗಳು ಮುಚ್ಚಿಹೋದವು, ಓಣಿ ಕಸದ ಪಾಲಾಯಿತು. ಬರ್ಲಿನ್ನಿನ ವಠಾರಗಳ ಒಳಅಂಗಳಕ್ಕೂ ಇಂಥದೇ ಹುಟ್ಟು: ಅಂಗಳ ಕನಿಷ್ಠ 5.34 ಮೀಟರ್ ಚೌಕವಿರಲಿ ಎಂದು 1853ರ ಕಟ್ಟಡ ನಿಯಮ ಹೇಳಿದ್ದು ಬೆಂಕಿ ಆರಿಸುವ ಗಾಡಿ ತಿರುಗಲೆಂದು. ಇಂಥ ಜಾಗದಲ್ಲಿ ಜನ ಬಂದು ಕೂರುವಂತೆ ಮಾಡುವಾಗ ಅದರ ಹಳೆಯ ಕೆಲಸವನ್ನು ಮರೆತರೆ ಕೆಡುತ್ತದೆ.

ಗೋಡೆಚಿತ್ರ ಕಡೆಗಿರಲಿ. ಮೊದಲು ಒಳಚರಂಡಿಯ ಮ್ಯಾನ್‌ಹೋಲ್‌ಗಳನ್ನೆಲ್ಲ ಹುಡುಕಿ ನಕ್ಷೆಯಲ್ಲಿ ಗುರುತಿಸಿ. ಹೊಸ ನೆಲದಡಿ ಮುಚ್ಚಳ ಹೂತುಹೋಗುವುದು ತೀರಾ ಸಾಮಾನ್ಯ ತಪ್ಪು. ಅದರ ಮೇಲೆ ಕಲ್ಲುಬೆಂಚು ಕಟ್ಟುವವರೂ ಇದ್ದಾರೆ. ಪೈಪು ಕಟ್ಟಿಕೊಂಡ ದಿನ, ನೀರಿನ ರಭಸದಿಂದ ಅದನ್ನು ಬಿಡಿಸುವ ಜೆಟ್ಟಿಂಗ್ ಯಂತ್ರ ಒಳಬರದಿದ್ದರೆ ಮನುಷ್ಯನನ್ನೇ ಇಳಿಸುತ್ತಾರೆ. ರಕ್ಷಣಾ ಸಲಕರಣೆಯಿಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ನಮ್ಮ ವಿನ್ಯಾಸ ಅದಕ್ಕೆ ನೆಪವಾಗಕೂಡದು. ಅಗಲವಿದ್ದಲ್ಲಿ ಯಂತ್ರ ಬರಲು 3 ಮೀಟರ್ ಖಾಲಿ ಬಿಡಿ. ಇಲ್ಲದಿದ್ದರೆ ಓಣಿಯ ಬಾಯಲ್ಲಿ ವಾಹನ ನಿಲ್ಲಲು ಜಾಗ, ಅಲ್ಲಿಂದ ಪೈಪ್ ಎಳೆಯಲು ನೇರ ದಾರಿ ಬೇಕು.

ನೆಲಹಾಸನ್ನು ಹಳೆಯದರ ಮೇಲೇ ಹಾಕಬೇಡಿ. ಮಟ್ಟ ಏರಿ ಮಳೆನೀರು ಹಿಂಬಾಗಿಲಿನೊಳಗೆ ನುಗ್ಗುತ್ತದೆ. ನೀರು ಇಂಗಿಸುವ ನೆಲಕ್ಕೆ ಸುಮಾರು 320 ಮಿಲಿಮೀಟರ್ ಅಗೆಯಬೇಕು: ಕೆಳಗೆ 200 ದಪ್ಪಜಲ್ಲಿ, ಅದರ ಮೇಲೆ 40 ಸಣ್ಣಜಲ್ಲಿ, ಮೇಲೆ 80ರ ಪೇವರ್, ಅಂದರೆ ನೆಲಕ್ಕೆ ಜೋಡಿಸುವ ಕಾಂಕ್ರೀಟ್ ಬಿಲ್ಲೆ. ಸಣ್ಣಜಲ್ಲಿಯ ಬದಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಸುರಿದರೆ ಅದರ ಪುಡಿ ಸಂದು ಮುಚ್ಚಿ ನೀರು ಮೇಲೇ ನಿಲ್ಲುತ್ತದೆ. ಹಳೆಯ ಗೋಡೆಗಳ ಪಾಯ ಆಳವಿರುವುದಿಲ್ಲ, ಆದ್ದರಿಂದ ಗೋಡೆಯಿಂದ ಅರ್ಧ ಮೀಟರ್ ಅಗೆಯದೆ ಬಿಡಿ. ಇಳಿಜಾರು ಓಣಿಯ ನಡುವಿಗಿರಲಿ, 50ಕ್ಕೆ 1ರಂತೆ.

ದೀಪ 3 ಮೀಟರ್ ಎತ್ತರದಲ್ಲಿ, ಕೆಳಮುಖವಾಗಿ, 3000 ಕೆಲ್ವಿನ್‌ನ, ಅಂದರೆ ಹಳದಿ ಛಾಯೆಯ ಬೆಳಕಿನದ್ದಾದರೆ ಮಲಗುವ ಕೋಣೆಗೆ ಬೆಳಕು ಚುಚ್ಚುವುದಿಲ್ಲ. ಮೊದಲ ದೀಪ ತಿರುವಿನಲ್ಲಿರಲಿ. ಮುಂದೇನಿದೆಯೆಂದು ಕಾಣದಿದ್ದರೆ ಹೆಣ್ಣುಮಕ್ಕಳು ಅಲ್ಲಿಂದಲೇ ಹಿಂದಿರುಗುತ್ತಾರೆ. ದೀಪಕ್ಕಿಂತಲೂ ಧೈರ್ಯ ಕೊಡುವುದು ತೆರೆದ ಹಿಂಬಾಗಿಲು. ಎರಡು ಮೂರು ಮನೆಯವರನ್ನು ಒಪ್ಪಿಸಿ, ಮೂಲೆಯ ಅಂಗಡಿಗೆ ಈ ಕಡೆಗೊಂದು ಕಿಟಕಿ ಕೇಳಿ. ಗದ್ದಲದ್ದೆಲ್ಲ ರಸ್ತೆಯ ಪಕ್ಕಕ್ಕಿರಲಿ. 1906ರಲ್ಲಿ ಕಟ್ಟಿದ ಬರ್ಲಿನ್ನಿನ ಹಾಕೆಶೆ ಹೋಫೆ ಎಂಬ ಕಟ್ಟಡಸಮೂಹದ 8 ಅಂಗಳಗಳಲ್ಲಿ ಇದೇ ಕ್ರಮ: ಹೋಟೆಲು, ರಂಗಮಂದಿರ ಮುಂದೆ, ಮನೆಗಳು ಒಳಗೆ.

ಓಣಿಯ ಬಾಯಿಗೆ ನೆಡುವ ಕಂಬಗಳ ನಡುವೆ ಗಾಲಿಕುರ್ಚಿಗೆ 90 ಸೆಂಟಿಮೀಟರ್ ಬೇಕೇ ಬೇಕು. ಅಷ್ಟರಲ್ಲಿ ಸ್ಕೂಟರೂ ನುಸುಳುತ್ತದೆ, ಅದನ್ನು ಒಪ್ಪಿಕೊಂಡು ಬೆಂಚು-ಕುಂಡಗಳನ್ನು ಸರಿಸಲು ಬರುವಂತೆ ಎಡಬಲ ಜೋಡಿಸಿ ವೇಗ ತಗ್ಗಿಸಿ. ನಡುವಿನ ಕಂಬ ಬೀಗ ತೆಗೆದು ಕೀಳುವಂಥದ್ದಾಗಿರಲಿ, ಅದರ ಒಂದೊಂದು ಕೀಲಿ ಪೌರಕಾರ್ಮಿಕರ ಕೈಯಲ್ಲೂ ಜಲಮಂಡಳಿ ಸಿಬ್ಬಂದಿಯ ಕೈಯಲ್ಲೂ ಇರಲಿ.