ನಡುವಿನ ಹೊಳೆಗೆ ಹೆಣ್ಮಕ್ಕಳ ದೋಣಿ

ಕೇಳುಗರಿಗೆಲ್ಲ ನಮಸ್ಕಾರ.

1994ರಲ್ಲಿ 18 ಮಂದಿ ಹೆಂಗಸರು ಮೂರು ರಬ್ಬರ್ ದೋಣಿ ಹತ್ತಿ ಹರಿದ್ವಾರದಿಂದ ಹೊರಟರು. 39 ದಿನ ಹುಟ್ಟು ಹಾಕಿ ಕೋಲ್ಕತ್ತ ಮುಟ್ಟಿದರು. 2,155 ಕಿಲೋಮೀಟರ್ ಗಂಗೆ! ತಂಡದ ಮುಂದಾಳು ಬಚೇಂದ್ರಿ ಪಾಲ್. 1984ರಲ್ಲಿ ಎವರೆಸ್ಟ್ ಹತ್ತಿದ, ನಮ್ಮ ದೇಶದ ಮೊದಲ ಮಹಿಳೆ.

ಈ ಪಯಣದಲ್ಲಿ ನನಗೆ ತುಂಬಾ ಹಿಡಿಸಿದ್ದು ಅವರು ಹೊರಟ ಜಾಗ. ರ‍್ಯಾಫ್ಟಿಂಗ್ ಅಂದ ಕೂಡಲೇ ಎಲ್ಲರೂ ಹೋಗುವುದು ಹೃಷಿಕೇಶಕ್ಕೆ, ಅಲ್ವಾ? ಅಲ್ಲಿ ನೀರು ಧುಮುಕುತ್ತದೆ, ನೊರೆ ಮುಖಕ್ಕೆ ಎರಚುತ್ತದೆ. ಹರಿದ್ವಾರ ದಾಟಿದರೆ ಗಂಗೆ ಬಯಲಿಗೆ ಇಳಿದಿರುತ್ತಾಳೆ. ರಭಸ ಇಲ್ಲ. ಊರೂರಿನ ಚರಂಡಿ, ಕಾರ್ಖಾನೆಯ ನೀರು ಬಂದು ಸೇರುವುದು ಆ ಬಯಲಿನಲ್ಲಿ. ಮೋಜು ಮುಗಿಯುವಲ್ಲಿಂದ ಈ ಹೆಂಗಸರು ಶುರು ಮಾಡಿದರು.

2018ರಲ್ಲಿ ಬಚೇಂದ್ರಿ ಪಾಲ್ ಮತ್ತೆ ಅದೇ ಗಂಗೆಗೆ ಇಳಿದರು. ಆಗ ಅವರಿಗೆ ಅರವತ್ತು ದಾಟಿತ್ತು. ಎವರೆಸ್ಟ್ ಹತ್ತಿದ ಗೆಳತಿಯರನ್ನೂ ಸೇರಿಸಿಕೊಂಡು ಹರಿದ್ವಾರದಿಂದ ಪಟ್ನಾದವರೆಗೆ ಹೋದರು. ಈ ಸಲ ದಾರಿಯುದ್ದಕ್ಕೂ ಸ್ನಾನಘಟ್ಟಗಳಲ್ಲಿ ಇಳಿದು ಕಸ ಎತ್ತಿದರು, ಜನರನ್ನು ಕೂರಿಸಿ ಮಾತಾಡಿದರು. ಮರುವರ್ಷ, 2019ರಲ್ಲಿ, ನ್ಯಾಷನಲ್ ಜಿಯಾಗ್ರಫಿಕ್ ಬೆಂಬಲದ ಇನ್ನೊಂದು ತಂಡ ಬಂತು. ಅದನ್ನು ನಡೆಸಿದವರೂ ಮಹಿಳಾ ವಿಜ್ಞಾನಿಗಳೇ. ಬಾಂಗ್ಲಾದೇಶದ ಕಡಲ ಬದಿಯಿಂದ ಹಿಮಾಲಯದ ತನಕ, ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಕಳೆದ ಮೇಲೆ ಇನ್ನೊಮ್ಮೆ, ಪ್ಲಾಸ್ಟಿಕ್ ಎಲ್ಲಿಂದ ಬರುತ್ತದೆ ಎಂದು ಹುಡುಕಿದರು. ಮೀನುಗಾರರು ಬಿಸಾಡಿದ ಬಲೆ ಹೊಳೆಯಲ್ಲಿ ಜಾಸ್ತಿ ಇದೆ, ಅದು ಆಮೆಗೂ ನೀರುನಾಯಿಗೂ ಗಂಗೆಯ ಡಾಲ್ಫಿನ್‌ಗೂ ಉರುಳು ಎಂದು ಕಂಡುಕೊಂಡರು.

ಈಗ ನಮ್ಮ ಉಡುಪಿಗೆ ಬರೋಣ. ಸೀತಾನದಿಯನ್ನೇ ತೆಗೆದುಕೊಳ್ಳಿ. ಆಗುಂಬೆ ಘಟ್ಟದ ಕಡೆಯಿಂದ ಇಳಿದು, ಸೋಮೇಶ್ವರದ ಕಾಡು, ಹೆಬ್ರಿ, ಬಾರ್ಕೂರು ಬಳಸಿ, ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ನದಿಯ ಜತೆ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಹೆಬ್ರಿ ಕಡೆ ರ‍್ಯಾಫ್ಟಿಂಗ್ ಇದೆ. ಕೆಳಗೆ ಸಾಲಿಗ್ರಾಮದ ಹತ್ತಿರ ಕಾಂಡ್ಲಾ ಕಾಡಿನೊಳಗೆ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳ ನಡುವೆ, ಕಯಾಕ್ ಎಂಬ ಸಣ್ಣ ದೋಣಿ ಇದೆ. ರಜೆ ಸಿಕ್ಕಿದರೆ ಎರಡೂ ಕಡೆ ಜನ. ನಡುವಿನ ಹೊಳೆಯನ್ನು ಕೇಳುವವರಿಲ್ಲ. ಸೇತುವೆ ಮೇಲಿಂದ ಕೋಳಿತ್ಯಾಜ್ಯದ ಚೀಲ ಬೀಳುವುದು, ಮರಳು ತೆಗೆದು ದಂಡೆ ಕುಸಿಯುವುದು, ಎಲ್ಲ ಇಂಥ ನಡುವಿನಲ್ಲೇ. ಈ ನಡುವಿನ ಹೊಳೆಗೆ ನಮ್ಮ ಹೆಣ್ಮಕ್ಕಳ ತಂಡವೊಂದು ದೋಣಿ ಇಳಿಸಬೇಕು, ಕಸ ಎತ್ತಬೇಕು, ಕಂಡದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು ಎಂಬುದು ನನ್ನ ಆಸೆ.

ಇಳಿತದ ಹೊತ್ತಿಗೆ ಕಾಂಡ್ಲಾದ ಬುಡಕ್ಕೆ ದೋಣಿ ತಾಗಿಸಿ ನೋಡಿ. ಕೆಸರಿನಿಂದ ಮೇಲೆದ್ದ ಬೇರುಗಳಲ್ಲಿ, ಉಬ್ಬರದ ನೀರು ಎಷ್ಟು ಎತ್ತರ ಬಂದಿತ್ತೋ ಅಷ್ಟೇ ಎತ್ತರಕ್ಕೆ, ಹಾಲಿನ ಪ್ಯಾಕೆಟ್, ಒಂಟಿ ಚಪ್ಪಲಿ, ಗುಟ್ಕಾ ಚೀಟಿ ಸಾಲಾಗಿ ನೇತಾಡುತ್ತಿರುತ್ತವೆ. ನೈಲಾನ್ ಬಲೆಯ ತುಂಡು ಸುತ್ತಿಕೊಂಡಿದ್ದರೆ ಎಳೆಯಬಾರದು. ಎಳೆದರೆ ಎಳೆಯ ಬೇರೂ ಕಿತ್ತು ಬರುತ್ತದೆ. ಚಾಕುವಿನಿಂದ ಒಂದೊಂದೇ ಕಣ್ಣು ಕೊಯ್ಯುತ್ತಾ ಬಿಡಿಸಬೇಕು. ಒಂದು ಮರಕ್ಕೇ ಅರ್ಧ ಗಂಟೆ ಹೋದರೂ ಹೋಯಿತು. ಏಡಿ, ಮೀನಿನ ಮರಿ ಬೆಳೆಯುವ ತೊಟ್ಟಿಲು ಅದು. ಅರ್ಧ ಗಂಟೆ ಕೊಡಬಹುದು.

ನಮ್ಮ ಹುಡುಗಿಯರಿಗೆ ಇದು ಆಗುತ್ತದಾ ಎಂದು ಕೇಳುವವರಿದ್ದಾರೆ. ಮೂಲ್ಕಿಯ ನೀರಿನಲ್ಲಿ ಕಲಿತ ತನ್ವಿ ಜಗದೀಶ್ ಹಲಗೆ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಯಲ್ಲಿ ದೇಶದ ಪರವಾಗಿ ಹೋಗಿಬಂದರು. ಹುಡುಗಿಯರಿಗೆ ಶಕ್ತಿ ಇದೆ. ಕಲಿಸುವ ಮನಸ್ಸು ನಮಗೆ ಬೇಕು. ಹೊಳೆ ಬದಿಯ ಮನೆಯಲ್ಲಿ ಹುಟ್ಟಿದ ಎಷ್ಟೋ ಹುಡುಗಿಯರಿಗೆ ಇವತ್ತಿಗೂ ಈಜು ಬರುವುದಿಲ್ಲ. ಅದೇ ಮನೆಯ ತಮ್ಮನಿಗೆ ಬರುತ್ತದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇನ್ನೊಂದು ಮಾತು. ಚಾರಣ ಮಾಡುವವರು, ಕಯಾಕ್ ಬಲ್ಲವರು ಮಾತ್ರ ಸೇರಿದರೆ ತಂಡ ಪೂರ್ತಿ ಆಗದು. ಸೊಂಟದ ತನಕ ನೀರಿನಲ್ಲಿ ನಿಂತು ಮರುವಾಯಿ ಎಂಬ ಚಿಪ್ಪುಜೀವಿ ಹೆಕ್ಕುವ ಅಕ್ಕಂದಿರು, ಹೊಳೆ ಕಡಲು ಸೇರುವ ನಮ್ಮ ಅಳಿವೆಗಳಲ್ಲಿ ಇದ್ದಾರೆ. ಯಾವ ದಿಬ್ಬದಲ್ಲಿ ಚಿಪ್ಪು ಕಡಿಮೆಯಾಯಿತು, ಎಲ್ಲಿ ಕೆಸರು ನಾರುತ್ತದೆ ಎಂದು ಅವರ ಕಾಲಿಗೇ ಗೊತ್ತು. ಅವರಲ್ಲಿ ಒಬ್ಬರಾದರೂ ಎಲ್ಲಕ್ಕಿಂತ ಮುಂದೆ ಹೋಗುವ ದೋಣಿಯಲ್ಲಿ ಕೂರಬೇಕು. ಆ ದಿನದ ಸಂಪಾದನೆ ತಪ್ಪುತ್ತದಲ್ಲ, ಆ ಕೂಲಿಯನ್ನು ತಂಡವೇ ಕೊಡಬೇಕು.

ಹೊರಡಲು ಒಳ್ಳೆಯ ಕಾಲ ಮಳೆ ಬಿಟ್ಟ ಮೇಲೆ. ಆಮೇಲೆ ಹೊಳೆಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟುಗಳ ಕಿಂಡಿ ಮುಚ್ಚಲು ಹಲಗೆ ಬೀಳುತ್ತದೆ. ಅಲ್ಲಿ ದೋಣಿ ಹೊತ್ತು ದಂಡೆಯಲ್ಲಿ ನಡೆಯಬೇಕು. ಹಾಗೆ ನಡೆಯುವಾಗ ಹಲಗೆ ಸರಿ ಕೂತಿದೆಯಾ, ಎಲ್ಲಿ ಸೋರುತ್ತಿದೆ ಎಂದೂ ಬರೆದುಕೊಳ್ಳಿ. ಅಲ್ಲಿ ಹಲಗೆ ತಪ್ಪಿದರೆ ಬೇಸಿಗೆಯಲ್ಲಿ ಉಪ್ಪುನೀರು ಮೇಲೇರಿ ಗದ್ದೆಗೆ, ಬಾವಿಗೆ ಬರುತ್ತದೆ. ಕೆಳಗಿನ ಭಾಗಕ್ಕೆ ಇಳಿತ ನೋಡಿ ಹೊರಡಿ. ಉಬ್ಬರ ಎದುರಾದರೆ ತೋಳು ಸೋತುಹೋಗುತ್ತದೆ. ಲೈಫ್ ಜಾಕೆಟ್ ಇಲ್ಲದೆ ಯಾರೂ ದೋಣಿ ಹತ್ತಬೇಡಿ. ಕೋಡಿಬೆಂಗ್ರೆಯ ಅಳಿವೆ ಬಾಗಿಲಿಗೆ ಹೋಗುವ ಮೊದಲೇ ದಡ ಸೇರಿ, ಅಲ್ಲಿ ಸೆಳೆತ ಕೆಟ್ಟದು.

ಬರೆದ ಪುಸ್ತಕವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಹೊಳೆ ಹಾದುಹೋಗುವ ಒಂದೊಂದು ಪಂಚಾಯತಿನ ಗ್ರಾಮಸಭೆಗೂ ಹೋಗಿ, ಆ ಊರಿನ ಪುಟವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ. ಓದಿದ್ದು ನಡಾವಳಿಗೆ ಸೇರುವ ತನಕ ಕೂತಿರಿ.

ನಮಸ್ಕಾರ.