ಕೊಡಗಿನ ಮಳೆಯಲ್ಲಿ ಜೋ ಪಾಸ್ ಕೇಳೋದು ಹೇಗೆ

ಈಗ ಕೇಳ್ತಿರೋದರಲ್ಲಿ ಬೇಸ್ ಇಲ್ಲ, ಡ್ರಮ್ಸ್ ಇಲ್ಲ, ಪಿಯಾನೊನೂ ಇಲ್ಲ. ಬರೀ ಅಮೆರಿಕದ ಜಾಝ್ ಗಿಟಾರ್ ವಾದಕ ಜೋ ಪಾಸ್, ಬರೀ ಒಂದು ಗಿಟಾರ್. ಆ ಗಿಟಾರಿನಲ್ಲೇ ಕೆಳಗೆ ಬೇಸ್‌ನ ಸ್ವರಗಳು ನಡೀತಾ ಇರುತ್ತವೆ, ಮೇಲೆ ಹಾಡಿನ ಮಟ್ಟು, ನಡುವೆ ಸಂದು ಸಿಕ್ಕಲ್ಲೆಲ್ಲ ಕಾರ್ಡು, ಅಂದರೆ ಒಟ್ಟಿಗೆ ನುಡಿಯೋ ಸ್ವರಗಳ ಗೊಂಚಲು. ಆಲ್ಬಂ ಹೆಸರು 'ವರ್ಚುಯೊಸೊ'. 1973ರ ರೆಕಾರ್ಡಿಂಗ್, ನಾರ್ಮನ್ ಗ್ರಾನ್ಜ್ ಅವರ ಪಾಬ್ಲೊ ಲೇಬಲ್.

ಇಂಥ ರೆಕಾರ್ಡಿನಲ್ಲಿ ಮುಚ್ಚಿಡೋಕೆ ಏನೂ ಇರಲ್ಲ. ದೊಡ್ಡ ಬ್ಯಾಂಡಿನ ಗದ್ದಲದಲ್ಲಿ ಹತ್ತು ಚಟಪಟ ಸದ್ದು ಮುಳುಗಿಹೋಗುತ್ತೆ. ಇಲ್ಲಿ ಎರಡು ಸ್ವರಗಳ ನಡುವಿನ ಮೌನದಲ್ಲಿ ಒಂದು ಕೂದಲೆಳೆ ಧೂಳೂ ಕೇಳುತ್ತೆ. ಅದರ ಮೇಲೆ ಮಡಿಕೇರಿಯ ಜೂನ್, ಜುಲೈ. ಬೂಷ್ಟು ಹಿಡಿಯದ ವಸ್ತು ಯಾವುದಿದೆ ಹೇಳಿ!

ಹಳೇ ರೆಕಾರ್ಡ್ ಕೈಗೆ ಬಂದ ಕೂಡಲೇ ಹಾಕಬೇಡಿ. ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಬಿಳಿ ಚುಕ್ಕೆ, ಮಂಜಿನಂಥ ತೇಪೆ ಕಂಡರೆ ಅದು ಬೂಷ್ಟು. ಮೂಗಿಗೆ ಮಾಸ್ಕ್ ಹಾಕ್ಕೊಂಡು ಜಗಲಿಗೆ ಹೋಗಿ ಮೆತ್ತನೆ ಬ್ರಶ್‌ನಲ್ಲಿ ಒರೆಸಿ. ಬಿಸಿಲು ಬಂತೂಂತ ಅಲ್ಲೇ ಒಣಗಿಸೋಕೆ ಇಡಬೇಡಿ, ಬಾಗಿಹೋಗುತ್ತೆ.

ತೊಳೆಯೋ ನೀರಿಗೆ ಮೂರು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್, ಲೀಟರಿಗೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಸ್ಯಾನಿಟೈಸರ್ ಬೇಡ, ಅದರ ಗ್ಲಿಸರಿನ್ ಗ್ರೂವಿನಲ್ಲಿ, ಅಂದರೆ ಸೂಜಿ ಓಡೋ ಸಣ್ಣ ಗೀರಿನಲ್ಲಿ, ಅಂಟಿ ಕೂರುತ್ತೆ. ಬೋರ್‌ವೆಲ್ ನೀರೂ ಬೇಡ, ಒಣಗಿದ ಮೇಲೆ ಉಳಿಯೋ ಉಪ್ಪೇ ಮುಂದೆ ಚಟಪಟ. ಮಳೆ ನೀರು ಬೇಕಾದಷ್ಟಿದೆ ನಿಜ, ಆದರೆ ಹೆಂಚಿನ ಮೇಲಿಂದ ಇಳಿದದ್ದು! ಲೇಬಲ್‌ಗೆ ನೀರು ತಾಗಿಸದೆ, ಗ್ರೂವ್ ತಿರುಗಿದ ದಿಕ್ಕಲ್ಲೇ ಬ್ರಶ್ ಎಳೀರಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ. ನೆಟ್ಟಗೆ ನಿಲ್ಲಿಸಿ ಪೂರ್ತಿ ಒಣಗಿಸಿ. ಹಳೇ ಒಳಕವರಿಗೆ ವಾಪಸ್ ಹಾಕಿದರೆ ಮಾಡಿದ್ದೆಲ್ಲ ದಂಡ. ಹೊಸದು ತನ್ನಿ. ಈ ಅಳತೆ ವಿನೈಲ್ ಅನ್ನೋ ಪ್ಲಾಸ್ಟಿಕ್ಕಿನ ರೆಕಾರ್ಡಿಗೆ ಮಾತ್ರ. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗೋ ಶೆಲ್ಯಾಕ್ (ಅರಗು) ತಟ್ಟೆಗೆ ಆಲ್ಕೊಹಾಲ್ ತಾಗಿದರೆ ಕರಗುತ್ತೆ.

ಸೂಜಿಯ ಭಾರ ಕಾರ್ಟ್ರಿಜ್ (ಸೂಜಿ ಹಿಡಿದಿರೋ ಭಾಗ) ಕಂಪನಿ ಹೇಳಿದಷ್ಟೇ ಇರಲಿ. ಸಾಮಾನ್ಯವಾಗಿ 2 ಗ್ರಾಂ ಆಸುಪಾಸು, ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಹಗುರ ಇದ್ದರೆ ರೆಕಾರ್ಡ್ ಉಳಿಯುತ್ತೆ ಅನ್ನೋದು ತಪ್ಪು ನಂಬಿಕೆ. ಸೂಜಿ ಗ್ರೂವಿನ ಗೋಡೆ ಬಿಟ್ಟು ಕುಣಿದು, ಅದನ್ನೇ ಕೆತ್ತಿಹಾಕುತ್ತೆ. ಪರೀಕ್ಷೆಗೆ ಮೊದಲ ಬದಿಯ ಕೊನೆಯ ಹಾಡು 'ಚೆರೋಕಿ' ಸಾಕು. ಹೊರಗಿನ ಗ್ರೂವ್ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಕೊನೆಯ ಹಾಡಿರೋ ಒಳಗಿನದು ಅದರ ಅರ್ಧಕ್ಕಿಂತ ಕಮ್ಮಿ. ಅಷ್ಟು ಇಕ್ಕಟ್ಟಲ್ಲಿ ಆ ವೇಗದ ಸ್ವರಗಳು ಬಿಡಿಬಿಡಿಯಾಗಿ ಬಂದರೆ ನಿಮ್ಮ ಜೋಡಣೆ ಸರಿ ಇದೆ. ಸ್ವರಕ್ಕೆ ಮರಳು ಮೆತ್ತಿದ ಹಾಗೆ ಕೇಳಿದರೆ ಕಾರ್ಟ್ರಿಜ್ ಓರೆಯಾಗಿದೆ, ಇಲ್ಲವೇ ಸೂಜಿ ಸವೆದಿದೆ.

ಇನ್ನು ಕರೆಂಟು. ಎಸಿ ಸಿಂಕ್ರನಸ್ ಮೋಟಾರಿನ ಹಳೇ ಟರ್ನ್‌ಟೇಬಲ್‌ಗಳು ವೋಲ್ಟೇಜಿಗಿಂತ ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತೆ ಅನ್ನೋದನ್ನ, ನೋಡಿ ತಿರುಗುತ್ತವೆ. ತೋಟದ ಜನರೇಟರ್ 50ರ ಬದಲು 49 ಕೊಟ್ಟರೆ ಸ್ವರ ಗಿಟಾರಿನ ಒಂದು ಫ್ರೆಟ್ಟಿನ (ಅರ್ಧ ಸ್ವರದ) ಸುಮಾರು ಮೂರನೇ ಒಂದು ಭಾಗ ಇಳಿಯುತ್ತೆ. ಸುಮ್ಮನೆ ಕೇಳೋರಿಗೆ ಗೊತ್ತಾಗಲಿಕ್ಕಿಲ್ಲ. ಗಿಟಾರ್ ಹಿಡಿದು ಜೊತೆಗೆ ನುಡಿಸೋಕೆ ಕೂತವರು ತಮ್ಮ ಟ್ಯೂನರನ್ನೇ ಬೈತಾರೆ! ಡಿಸಿ ಮೋಟಾರಿಗೆ ಈ ಕಾಟ ಇಲ್ಲ.

ಮಳೆಗಾಲದಲ್ಲಿ ಬೀರು ಒಳಗೆ ಬಲ್ಬು ಉರಿಸಿಡೋದು ಬಟ್ಟೆಗೆ ಸರಿ, ರೆಕಾರ್ಡಿಗೆ ಬೇಡ. ಹೊರಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಲೆ, ಪುಸ್ತಕದ ಹಾಗೆ ನೆಟ್ಟಗೆ ಇಡಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಆಗಾಗ ಬದಲಾಯಿಸಿ.

ಈ 'ವರ್ಚುಯೊಸೊ' ಹಿಡಿಸಿದರೆ 1976ರ ಅದರ ಎರಡನೇ ಭಾಗ ಹುಡುಕಿ. ಅದರಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಜೈಂಟ್ ಸ್ಟೆಪ್ಸ್' ಇದೆ. ಸ್ಯಾಕ್ಸೊಫೋನಿನವರೇ ಬೆವರುವ ಆ ಕಾರ್ಡುಗಳನ್ನ ಇಲ್ಲಿ ಒಂದೇ ಗಿಟಾರ್ ಹೊತ್ತು ನಡೆಯುತ್ತೆ.