ಮಾವನ ಲ್ಯಾಪ್‌ಟಾಪ್: ಒಂದೇ ಫೋಟೊ ಎಷ್ಟು ಕಡೆ?

ಇವತ್ತು ಭಾನುವಾರ. ಮುಂಬೈ ಲೋಕಲ್‌ನ ಸೆಂಟ್ರಲ್ ಲೈನ್‌ನಲ್ಲಿ ಮೆಗಾ ಬ್ಲಾಕ್ ಬೇರೆ, ಅಂದರೆ ಹಳಿ ಕೆಲಸಕ್ಕಾಗಿ ರೈಲು ಕಡಿಮೆ. ಮಾಟುಂಗಾದಿಂದ ಡೊಂಬಿವಲಿ ತಲುಪುವಷ್ಟರಲ್ಲಿ ಸಾಕಾಯಿತು. ಇದು ನಮ್ಮ ಮಾವನ ಮನೆ. ಮೂಲ ಊರು ಕುಂದಾಪುರದ ಕಡೆ. ಮಳೆಗಾಲದಲ್ಲಿ ಮುಂಬೈಗೆ ಯಕ್ಷಗಾನ ಮೇಳ ಬಂದರೆ ಕ್ಯಾಮರಾ ಹಿಡಿದು ಮೊದಲ ಸಾಲಿನಲ್ಲಿ ಕೂರುವವರು ಇವರೇ.

ಈಗ ಅವರ ಡಿಸ್ಕ್ ತುಂಬಿಹೋಗಿದೆ. "ಹೊಸತು ತಕೊಳ್ಳುವುದೇ ಒಳ್ಳೆಯದಾ ಮಾರಾಯ?" ಅಂತ ಕೇಳಿದರು. ಸ್ವಲ್ಪ ತಡೀರಿ ಮಾವ, ಮೊದಲು ಒಳಗೆ ಏನಿದೆ ನೋಡೋಣ.

ನೋಡಿ, ಒಂದೇ ಯಕ್ಷಗಾನ ಆಟದ ಫೋಟೊಗಳು ಪಿಕ್ಚರ್ಸ್‌ನಲ್ಲಿವೆ, ಡೆಸ್ಕ್‌ಟಾಪ್‌ನಲ್ಲೂ ಇವೆ. ಡೌನ್‌ಲೋಡ್ಸ್‌ನಲ್ಲಿ ಹೆಸರಿನ ಕೊನೆಗೆ ಬ್ರಾಕೆಟ್‌ನಲ್ಲಿ ಒಂದು, ಎರಡು ಅಂತ ನಂಬರ್ ಹಾಕಿಕೊಂಡು ಕೂತಿವೆ. ಹೆಸರು ನೋಡಿ ಅಳಿಸಿದರೆ ಆಯ್ತಲ್ಲ ಅನ್ನಬೇಡಿ. ಕ್ಯಾಮರಾದ ಎಣಿಕೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ. ಒಂದೇ ಹೆಸರಿನ ಎರಡು ಫೈಲ್‌ಗಳಲ್ಲಿ ಒಂದರಲ್ಲಿ ಭಾಗವತರು, ಇನ್ನೊಂದರಲ್ಲಿ ಮೊಮ್ಮಗಳ ಹುಟ್ಟುಹಬ್ಬ!

ಅದಕ್ಕೇ ಡೂಪ್‌ಗುರು ಹಾಕಿದ್ದೇನೆ, ಒಂದೇ ಫೈಲ್‌ನ ಹೆಚ್ಚುವರಿ ಪ್ರತಿಗಳನ್ನು ಹುಡುಕಿ ಕೊಡುವ ಸಾಫ್ಟ್‌ವೇರ್. ಉಚಿತ, ಓಪನ್ ಸೋರ್ಸ್. ಹೆಸರು ಬಿಟ್ಟು ಫೈಲ್ ಒಳಗಿರುವುದನ್ನು ಹೋಲಿಸು ಅಂತ ಇದಕ್ಕೆ ಹೇಳಬಹುದು. ಗಾತ್ರ ಬೇರೆ ಇದ್ದರೆ ಎರಡೂ ಒಂದೇ ಆಗೋಕೆ ಸಾಧ್ಯವೇ ಇಲ್ಲ. ಗಾತ್ರ ಒಂದೇ ಇದ್ದರೆ ಹ್ಯಾಶ್ ನೋಡಬೇಕು. ಹ್ಯಾಶ್ ಅಂದರೆ ಫೈಲ್‌ನ ಬೆರಳಚ್ಚು ಅಂದುಕೊಳ್ಳಿ. ಎಸ್‌ಎಚ್‌ಎ-256 ಅನ್ನುವ ಬಗೆಯ ಹ್ಯಾಶ್ ಆದರೆ 64 ಅಕ್ಷರಗಳ ಸಾಲು. ಫೈಲ್‌ನಲ್ಲಿ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆ. ಅನುಮಾನ ಬಂದರೆ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಕಮಾಂಡ್ ಕೊಟ್ಟು ನೀವೇ ನೋಡಬಹುದು.

ವಾಟ್ಸಾಪ್ ಫೋಟೊಗಳು ಇಲ್ಲಿ ತಪ್ಪಿಸಿಕೊಳ್ಳುತ್ತವೆ. ಕಳಿಸುವಾಗ ಫೋಟೊ ಕುಗ್ಗುತ್ತದೆ, ಹಾಗಾಗಿ ಕಣ್ಣಿಗೆ ಒಂದೇ ಕಂಡರೂ ಫೈಲ್ ಬೇರೆ. ಇಂಥದ್ದಕ್ಕೆ ಡೂಪ್‌ಗುರುವಿನಲ್ಲಿ ಪಿಕ್ಚರ್ ಮೋಡ್ ಇದೆ, ಚಿತ್ರ ಹೋಲುತ್ತದಾ ಅಂತ ನೋಡುತ್ತದೆ. ಆದರೆ ಮಾವ ಕುಣಿತ ತೆಗೆಯುವಾಗ ಬಟನ್ ಒತ್ತಿ ಹಿಡಿದೇ ಇರುತ್ತಾರೆ. ಒಂದರಲ್ಲಿ ಕಣ್ಣು ಅರಳಿದೆ, ಮುಂದಿನದರಲ್ಲಿ ಮುಚ್ಚಿದೆ. ಸಾಫ್ಟ್‌ವೇರ್‌ಗೆ ಎರಡೂ ಒಂದೇ ಅನ್ನಿಸಬಹುದು, ಮಾವನಿಗೆ ಖಂಡಿತ ಅಲ್ಲ. ಆ ಪಟ್ಟಿಯನ್ನು ಅವರೇ ಕೂತು ನೋಡಲಿ.

ಅಳಿಸುವ ಮುಂಚೆ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ, ಡಿಸ್ಕ್ ತೆಗೆದಿಟ್ಟಿದ್ದೇನೆ. ಅದನ್ನೂ ಸ್ಕ್ಯಾನ್‌ಗೆ ಹಾಕಬೇಡಿ. ಅದು ಬೇಕಂತಲೇ ಇಟ್ಟ ಪ್ರತಿ, ಅಲ್ವಾ? ವಿಂಡೋಸ್, ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗಳ ಸುದ್ದಿಗೇ ಹೋಗಬೇಡಿ. ಅಲ್ಲಿ ಎರಡು ಪ್ರೋಗ್ರಾಂಗಳು ಒಂದೇ ಫೈಲನ್ನು ತಮ್ಮ ತಮ್ಮ ಜಾಗದಲ್ಲಿ ಇಟ್ಟುಕೊಂಡಿರುತ್ತವೆ. ಸುಮ್ನೆ ಕೈಹಾಕಿದರೆ ಯಾವುದೋ ಒಂದು ತೆರೆಯೋದೇ ಇಲ್ಲ. ಗೂಗಲ್ ಡ್ರೈವ್ ಜೊತೆ ಸಿಂಕ್ ಆಗುವ ಫೋಲ್ಡರ್‌ನಲ್ಲಿ ಇಲ್ಲಿ ಅಳಿಸಿದ್ದು ಫೋನ್‌ನ ಡ್ರೈವ್‌ನಲ್ಲೂ ಹೋಗುತ್ತದೆ. ಡ್ರೈವ್‌ನ ಟ್ರ್ಯಾಶ್‌ನಲ್ಲಿ ಇರುವುದು 30 ದಿನ ಮಾತ್ರ.

ಪಿಕ್ಚರ್ಸ್ ಫೋಲ್ಡರನ್ನು ರೆಫರೆನ್ಸ್ ಅಂತ ಗುರುತು ಮಾಡಿದ್ದೇನೆ. ಅದರೊಳಗಿನ ಫೈಲನ್ನು ಡೂಪ್‌ಗುರು ಮುಟ್ಟುವುದಿಲ್ಲ. ನನ್ನ ಪ್ರಕಾರ ಈ ಒಂದು ಸೆಟ್ಟಿಂಗ್‌ಗಾಗಿಯೇ ಇದನ್ನು ಬಳಸಬೇಕು. ಪಟ್ಟಿಯನ್ನು ಗಾತ್ರದ ಪ್ರಕಾರ ಜೋಡಿಸಿದರೆ ಮೇಲೆ ಬಂದದ್ದು ಫೋಟೊ ಅಲ್ಲ, ಇಡೀ ರಾತ್ರಿ ಆಟದ ವಿಡಿಯೊ. ಜಾಗ ತಿಂದದ್ದು ಅದು!

ಫೈಲ್ ಒಳಗೂ ಒಂದೇ ಇದ್ದ ಹೆಚ್ಚುವರಿ ಪ್ರತಿಗಳನ್ನೆಲ್ಲ ರೀಸೈಕಲ್ ಬಿನ್‌ಗೆ ಕಳಿಸಿದ್ದೇನೆ, ಸ್ವಲ್ಪ ಸ್ವಲ್ಪವಾಗಿ. ಒಮ್ಮೆಲೇ ಜಾಸ್ತಿ ಹಾಕಿದರೆ ಬಿನ್‌ನಲ್ಲಿ ಹಿಡಿಸಲ್ಲ, ಶಾಶ್ವತವಾಗಿ ಅಳಿಸಲಾ ಅಂತ ವಿಂಡೋಸ್ ಕೇಳುತ್ತದೆ. ಪೆನ್ ಡ್ರೈವ್‌ನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಬಿನ್‌ಗೆ ಬರುವುದೇ ಇಲ್ಲ. ಬಿನ್ ಖಾಲಿ ಮಾಡುವ ತನಕ ಡಿಸ್ಕ್‌ನಲ್ಲಿ ಜಾಗ ಆಗಲ್ಲ, ಆದರೂ ಒಂದು ವಾರ ಬಿಟ್ಟು ಮಾಡಿ ಅಂದಿದ್ದೇನೆ. ಅಷ್ಟರಲ್ಲಿ ಹಳೆಯ ಫೋಲ್ಡರ್‌ಗಳನ್ನು ಒಮ್ಮೆ ತೆರೆದು ನೋಡುತ್ತಾರಂತೆ.